ರೈಲಿನಲ್ಲಿ ಬೈಸಿಕಲ್ ಸಾಗಣೆ: ಚೆನ್ನೈ ಪ್ರಯಾಣಿಕರು ಅರಿತಿರಬೇಕಾದ ಸಂಗತಿಗಳು

ದೂರದ ಊರಿಗೆ ಪ್ರಯಾಣ ಬೆಳೆಸುವವರು ತಮ್ಮೊಡನೆ ಬೈಸಿಕಲ್ಲನ್ನೂ ಕೊಂಡೊಯ್ಯುವುದು ನಮ್ಮ ದೇಶದಲ್ಲಿ ಹೊಸತೇನಲ್ಲ. ವರ್ಗಾವಣೆಗೊಂಡ ನೌಕರನ ಮನೆಸಾಮಾನಿನ ಜೊತೆಗೆ, ವಿದ್ಯಾರ್ಥಿನಿಲಯಕ್ಕೆ ಹೊರಟ ಹುಡುಗನ ಪೆಟ್ಟಿಗೆಯ ಜೊತೆಗೆ, ಕೆಲಸ ಬಿಟ್ಟು ಊರಿಗೆ ಮರಳುವ ಕಾರ್ಮಿಕನ ಗಂಟುಮೂಟೆಯ ಜೊತೆಗೆ ಸೈಕಲ್ಲೂ ರೈಲು ಹತ್ತುತ್ತ ಬಂದಿದೆ. ಈಚಿನ ವರ್ಷಗಳಲ್ಲಿ ಸೈಕಲ್ ಪ್ರವಾಸವನ್ನು ಹವ್ಯಾಸವಾಗಿ ಕೈಗೊಂಡವರೂ ಇವರೊಡನೆ ಸೇರಿದ್ದಾರೆ. ಹೀಗಿದ್ದರೂ ಸೈಕಲ್ಲನ್ನು ಯಾವ ಕಛೇರಿಯಲ್ಲಿ ಒಪ್ಪಿಸಬೇಕು, ಅದು ಕಳೆದುಹೋದರೆ ಅಥವಾ ಜಖಂಗೊಂಡರೆ ಹೊಣೆ ಯಾರದು, ಪರಿಹಾರವಾಗಿ ಎಷ್ಟು ಹಣ ದೊರೆಯುತ್ತದೆ ಎಂಬ ವಿಷಯಗಳು ಬಹುಮಂದಿಗೆ ತಿಳಿದಿರುವುದಿಲ್ಲ. ನಿಲ್ದಾಣದಲ್ಲಿ ಗಾಡಿ ಹೊರಡುವ ಗಡಿಬಿಡಿಯಲ್ಲಿ ಇವನ್ನು ವಿಚಾರಿಸಿಕೊಳ್ಳಲು ವ್ಯವಧಾನವೂ ಇರುವುದಿಲ್ಲ.

ರೈಲು ಮತ್ತು ಬೈಸಿಕಲ್ಲುಗಳ ನಂಟಿಗೆ ಚೆನ್ನೈ ನಗರ ಒಳ್ಳೆಯ ನಿದರ್ಶನವಾಗಿದೆ. ದಕ್ಷಿಣ ಭಾರತದ ಮೊದಲ ಪ್ರಯಾಣಿಕ ರೈಲು 1856ರ ಜುಲೈ 1ರಂದು ಇಲ್ಲಿನ ರಾಯಪುರಂ ನಿಲ್ದಾಣದಿಂದ ವಾಲಾಜಾ ರಸ್ತೆಯತ್ತ ಹೊರಟಿತು. 1864ರಲ್ಲಿ ಜೋಲಾರಪೇಟೆ ಹಾಗೂ ಬೆಂಗಳೂರು ದಂಡು ಪ್ರದೇಶದ ನಡುವಣ ಮಾರ್ಗವು ತೆರೆದಾಗ ಮೈಸೂರು ಸಂಸ್ಥಾನಕ್ಕೂ ಈ ನಗರಕ್ಕೂ ರೈಲು ಸಂಪರ್ಕ ಏರ್ಪಟ್ಟಿತು. ಆ ಹೊತ್ತಿಗೆ ಇಂದು ನಾವು ಬಲ್ಲ ಬೈಸಿಕಲ್ಲು ಇನ್ನೂ ಹುಟ್ಟಿರಲಿಲ್ಲವೆಂಬುದು ಕುತೂಹಲದ ಸಂಗತಿ; ಎರಡು ಸಮಗಾತ್ರದ ಚಕ್ರಗಳುಳ್ಳ, ಸರಪಣಿಯಿಂದ ಹಿಂಚಕ್ರವನ್ನು ತಿರುಗಿಸುವ ಸುರಕ್ಷಿತ ಮಾದರಿಯು ಇಂಗ್ಲೆಂಡಿನಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬುವರಿಂದ ರೂಪುಗೊಂಡು ಜನಪ್ರಿಯವಾದದ್ದು 1885ರ ನಂತರ. ಸ್ವಾತಂತ್ರ್ಯಾನಂತರ ಮುರುಗಪ್ಪ ಸಮೂಹವು ಬ್ರಿಟನ್ನಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಸಂಸ್ಥೆಯ ಸಹಯೋಗದಲ್ಲಿ 1949ರಲ್ಲಿ ಟಿ.ಐ. ಸೈಕಲ್ಸ್ ಸಂಸ್ಥೆಯನ್ನು ಸ್ಥಾಪಿಸಿತು. ಹರ್ಕ್ಯುಲಿಸ್, ಬಿ.ಎಸ್.ಎ. ಎಂಬ ಹೆಸರುಗಳನ್ನು ಮನೆಮಾತಾಗಿಸಿದ ಈ ಸಂಸ್ಥೆಯ ಅಂಬತ್ತೂರು ಕಾರ್ಖಾನೆಯಲ್ಲಿ ಉತ್ಪಾದನೆ ಆರಂಭವಾದದ್ದು 1951ರಲ್ಲಿ. ಅದೇ ವರ್ಷದ ಏಪ್ರಿಲ್ 14ರಂದು ದಕ್ಷಿಣ ರೈಲ್ವೆ ವಲಯವೂ ಅಸ್ತಿತ್ವಕ್ಕೆ ಬಂದಿತು. ಅಂಬತ್ತೂರು ಇರುವುದೂ ಚೆನ್ನೈ ಸೆಂಟ್ರಲ್‌ನಿಂದ ಅರಕ್ಕೋಣಂ, ಕಾಟ್ಪಾಡಿ, ಜೋಲಾರಪೇಟೆ, ಬಂಗಾರಪೇಟೆಗಳ ಮೂಲಕ ಬೆಂಗಳೂರಿಗೆ ಸಾಗುವ ಹಳಿಯ ಮಗ್ಗುಲಲ್ಲೇ.

ಲಗೇಜು ಬೇರೆ, ಪಾರ್ಸೆಲ್ ಬೇರೆ

ರೈಲ್ವೆಯ ದೃಷ್ಟಿಯಲ್ಲಿ ಒಂದೇ ಸೈಕಲ್ಲು ಎರಡು ರೂಪಗಳಲ್ಲಿ ಪ್ರಯಾಣ ಮಾಡಬಹುದು. ಪ್ರಯಾಣಿಕನು ತನ್ನ ಟಿಕೆಟ್ಟಿನ ಆಧಾರದ ಮೇಲೆ, ತಾನು ಪ್ರಯಾಣಿಸುವ ಗಾಡಿಯ ಬ್ರೇಕ್ ವ್ಯಾನಿನಲ್ಲಿ ಸಾಗಿಸಲು ಒಪ್ಪಿಸಿದರೆ ಅದು ಲಗೇಜು. ಟಿಕೆಟ್ಟಿನ ಸಂಬಂಧವಿಲ್ಲದೆ, ಕಳುಹಿಸುವವರ ಮತ್ತು ಪಡೆಯುವವರ ಹೆಸರು ನಮೂದಿಸಿ ಒಪ್ಪಿಸಿದರೆ ಅದು ಪಾರ್ಸೆಲ್. ಪಾರ್ಸೆಲ್ ಯಾವ ಗಾಡಿಯಲ್ಲಿ ಹೋಗುವುದೆಂಬುದು ರೈಲ್ವೆಯ ಅನುಕೂಲಕ್ಕೆ ಬಿಟ್ಟದ್ದು. ಲಗೇಜು ಸಾಮಾನ್ಯವಾಗಿ ಪ್ರಯಾಣಿಕನ ಗಾಡಿಯಲ್ಲೇ ಹೋಗುತ್ತದೆ.

ಬ್ರೇಕ್ ವ್ಯಾನ್ ಎಂದರೆ ಗಾಡಿಯ ತುದಿಯಲ್ಲಿ ಗಾರ್ಡ್ ಇರುವ ಬೋಗಿಯ ಸರಕು ಕೋಣೆ. (ಗಾರ್ಡ್ ಎಂಬ ಹುದ್ದೆಗೆ 2022ರಿಂದ ಟ್ರೈನ್ ಮ್ಯಾನೇಜರ್ ಎಂಬ ಹೆಸರು ಬಂದಿದೆ; ಆದರೂ ಪ್ಲಾಟ್‌ಫಾರಂಗಳಲ್ಲಿ ಹಳೆಯ ಹೆಸರೇ ಬಳಕೆಯಲ್ಲಿದೆ.) ಈ ಕೋಣೆಗಳ ಒಂದು ಭಾಗವನ್ನು ರೈಲ್ವೆಯು ಟೆಂಡರು ಕರೆದು ಖಾಸಗಿಯವರಿಗೆ ಗುತ್ತಿಗೆ ಕೊಡುವ ಪದ್ಧತಿಯಿದೆ. ಆದ್ದರಿಂದ ಮೇಲ್ನೋಟಕ್ಕೆ ಕೋಣೆ ಖಾಲಿಯಿದ್ದರೂ ಸಾರ್ವಜನಿಕರ ಸಾಮಾನಿಗೆ ಲಭ್ಯವಿರುವ ಜಾಗ ಕಡಿಮೆಯಿರಬಹುದು. ಹಬ್ಬದ ದಿನಗಳಲ್ಲಂತೂ ಸೈಕಲ್ಲಿನಂತಹ ಹೆಚ್ಚು ಸ್ಥಳ ಬೇಡುವ ವಸ್ತು ಹಿಂದುಳಿದು, ಮುಂದಿನ ಗಾಡಿಗೆ ಏರುವ ಸಂಭವವುಂಟು. ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದವನಿಗೆ ಸೈಕಲ್ಲು ಸಂಜೆಗೆ ದೊರೆತರೆ ಅದನ್ನು ಅನಾಹುತವೆಂದು ಭಾವಿಸಬೇಕಾಗಿಲ್ಲ. ಆದರೆ ಆ ದಿನವೇ ಸೈಕಲ್ಲೇರಿ ಮುಂದಿನ ಊರಿಗೆ ಹೋಗಲೇಬೇಕಾದವರು ಈ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಹೊರಡತಕ್ಕದ್ದು.

ಉಚಿತವಾಗಿ ಒಯ್ಯಬಹುದಾದ ಸಾಮಾನಿನ ಬಗ್ಗೆಯೂ ತಪ್ಪು ತಿಳುವಳಿಕೆ ಬಳಕೆಯಲ್ಲಿದೆ. ಸ್ಲೀಪರ್ ದರ್ಜೆಯ ಪ್ರಯಾಣಿಕನಿಗೆ 40 ಕಿಲೋಗ್ರಾಂ, ಎರಡನೆಯ ದರ್ಜೆಯವನಿಗೆ 35 ಕಿಲೋಗ್ರಾಂ ಸಾಮಾನನ್ನು ಶುಲ್ಕವಿಲ್ಲದೆ ಕೊಂಡೊಯ್ಯಲು ಅವಕಾಶವಿದೆ. ಸೈಕಲ್ಲಿನ ತೂಕ ಇದಕ್ಕಿಂತ ಎಷ್ಟೋ ಕಡಿಮೆ. ಹಾಗಾದರೆ ಅದು ಉಚಿತವಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಸ್ಕೂಟರು, ಬೈಸಿಕಲ್ಲು ಮೊದಲಾದ ವಸ್ತುಗಳಿಗೆ ಉಚಿತ ಮಿತಿ ಅನ್ವಯಿಸುವುದಿಲ್ಲ. ಅವುಗಳಿಗೆ ಪೂರ್ಣ ಲಗೇಜು ದರವನ್ನು ತೆರಬೇಕು. ಪ್ರಯಾಣಿಕರ ಬೋಗಿಯೊಳಗೆ ಸೈಕಲ್ಲನ್ನು ತಂದು ಬಾಗಿಲ ಬಳಿ ನಿಲ್ಲಿಸುವುದಂತೂ ಸಲ್ಲದು. ಬುಕ್ ಮಾಡದೆ ಒಯ್ಯುತ್ತಿರುವ ಹೆಚ್ಚುವರಿ ಸಾಮಾನು ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಲಗೇಜು ದರದ ಆರು ಪಟ್ಟು ವಸೂಲು ಮಾಡುವ ಅಧಿಕಾರ ರೈಲ್ವೆಗಿದೆ.

ನಿಲ್ದಾಣದಲ್ಲಿ

ನಗರದ ಉಪನಗರ ರೈಲುಗಳಲ್ಲಿ ಸೈಕಲ್ಲಿಗೆ ಬ್ರೇಕ್ ವ್ಯಾನಿನ ಸೌಕರ್ಯವಿಲ್ಲ. ಆದ್ದರಿಂದ ಅಂಬತ್ತೂರಿನ ಕಡೆಯಿಂದ ಬರುವವರು ಸೆಂಟ್ರಲ್ ನಿಲ್ದಾಣದವರೆಗಿನ ಸುಮಾರು 15 ಕಿ.ಮೀ. ಹಾದಿಯನ್ನು ಆ ಸೈಕಲ್ಲಿನ ಮೇಲೆಯೇ ಕ್ರಮಿಸುವುದು ರೂಢಿ. ಇದರಿಂದ ಒಂದು ತೊಡಕುಂಟು: ಕಟ್ಟಿಕೊಂಡ ಸೈಕಲ್ಲನ್ನು ತುಳಿಯಲಾಗದು, ತುಳಿದುಕೊಂಡು ಬಂದ ಸೈಕಲ್ಲನ್ನು ಕಟ್ಟದೆ ಒಪ್ಪಿಸಲಾಗದು. ಗೋಣಿತಾಟು, ಹುರಿ, ದಬ್ಬಳಗಳನ್ನು ಜೊತೆಯಲ್ಲೇ ತಂದು ನಿಲ್ದಾಣದ ಹೊರಗೆ ಕಟ್ಟುವ ಕೆಲಸ ಮುಗಿಸಿಕೊಳ್ಳಬೇಕಾಗುತ್ತದೆ. ಲಗೇಜನ್ನು ಗಾಡಿ ಹೊರಡುವ ವೇಳೆಗೆ ಕನಿಷ್ಠ 30 ನಿಮಿಷ ಮೊದಲು ಕಛೇರಿಗೆ ಒಪ್ಪಿಸಬೇಕೆಂದು ನಿಯಮವಿದೆ. ಕಟ್ಟುವುದು, ಸಾಲಿನಲ್ಲಿ ನಿಲ್ಲುವುದು, ತೂಕ, ನಮೂನೆ ಭರ್ತಿ ಇವೆಲ್ಲಕ್ಕೂ ಕಾಲ ಹಿಡಿಯುವುದರಿಂದ ಎರಡು ಗಂಟೆ ಮುಂಚಿತವಾಗಿ ಬರುವುದು ವಿವೇಕವೆನ್ನಬಹುದು.

ಯಾವ ನಿಲ್ದಾಣಕ್ಕೆ ಹೋಗಬೇಕೆಂಬುದನ್ನೂ ಮೊದಲೇ ಖಚಿತಪಡಿಸಿಕೊಳ್ಳಬೇಕು. ಬೆಂಗಳೂರು, ಮೈಸೂರು ಕಡೆಯ ಗಾಡಿಗಳು ಬಹುಪಾಲು ಸೆಂಟ್ರಲ್‌ನಿಂದ ಹೊರಡುತ್ತವೆ. 2019ರಿಂದ ಈ ನಿಲ್ದಾಣಕ್ಕೆ ಪುರಚ್ಚಿ ತಲೈವರ್ ಡಾ. ಎಂ.ಜಿ. ರಾಮಚಂದ್ರನ್ ಅವರ ಹೆಸರಿದೆ. ತಮಿಳುನಾಡಿನ ದಕ್ಷಿಣ ಜಿಲ್ಲೆಗಳ ಗಾಡಿಗಳು ಎಗ್ಮೋರ್, ತಾಂಬರಂ ನಿಲ್ದಾಣಗಳನ್ನು ಆಶ್ರಯಿಸಿವೆ. ಒಂದು ನಿಲ್ದಾಣದ ಗಾಡಿಗೆ ಮತ್ತೊಂದರಲ್ಲಿ ಸೈಕಲ್ಲು ಒಪ್ಪಿಸಲು ಹೋಗಿ ಗಾಡಿ ತಪ್ಪಿಸಿಕೊಳ್ಳುವ ಪ್ರಸಂಗ ಬರಬಾರದು.

ಕಛೇರಿಯಲ್ಲಿ ಟಿಕೆಟ್ಟು ಹಾಗೂ ಗುರುತಿನ ಚೀಟಿ ತೋರಿಸಿ, ಹಣ ಕಟ್ಟಿ, ರಸೀದಿ ಪಡೆಯಬೇಕು. ಸೈಕಲ್ಲು ಕೊಂಡ ಬಿಲ್ಲಿನ ಪ್ರತಿ ಕೈಯಲ್ಲಿದ್ದರೆ ಮಾಲೀಕತ್ವದ ಪ್ರಶ್ನೆಯೇ ಏಳುವುದಿಲ್ಲ. ಚೌಕಟ್ಟಿನ ಮೇಲೆ, ಸಾಮಾನ್ಯವಾಗಿ ಪೆಡಲು ಜೋಡಣೆಯ ಕೆಳಭಾಗದಲ್ಲಿ, ಕೊರೆದಿರುವ ಸಂಖ್ಯೆಯನ್ನು ಮನೆಯಲ್ಲೇ ಬರೆದಿಟ್ಟುಕೊಂಡಿರಬೇಕು. ಒಂದೇ ಬಣ್ಣದ, ಒಂದೇ ಮಾದರಿಯ ಹತ್ತು ಸೈಕಲ್ಲುಗಳ ನಡುವೆ ತನ್ನದನ್ನು ರುಜುವಾತುಪಡಿಸಲು ಬೇರೆ ಸಾಧನವಿಲ್ಲ.

ರಸೀದಿಯ ಮಹತ್ವ

ರಸೀದಿಯ ವಿಚಾರವನ್ನು ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ. ಹೊತ್ತು ಮೀರಿದಾಗ ಕೂಲಿಯವನ ಕೈಗೆ ಒಂದಷ್ಟು ಹಣವಿತ್ತು, ಸೈಕಲ್ಲನ್ನು ಹೇಗಾದರೂ ವ್ಯಾನಿಗೆ ಏರಿಸಿಬಿಡುವಂತೆ ಕೇಳಿಕೊಳ್ಳುವವರಿದ್ದಾರೆ. ಹಲವು ವೇಳೆ ಸೈಕಲ್ಲು ಸುರಕ್ಷಿತವಾಗಿ ತಲುಪುವುದೂ ನಿಜ. ಆದರೆ 1989ರ ರೈಲ್ವೆ ಅಧಿನಿಯಮದ 100ನೆಯ ಪ್ರಕರಣವು ಸ್ಪಷ್ಟವಾಗಿದೆ: ರೈಲ್ವೆ ನೌಕರನು ಲಗೇಜನ್ನು ಬುಕ್ ಮಾಡಿ ರಸೀದಿ ಕೊಟ್ಟಿರದ ಹೊರತು ಅದರ ನಷ್ಟ, ನಾಶ, ಹಾನಿಗಳಿಗೆ ರೈಲ್ವೆ ಆಡಳಿತವು ಹೊಣೆಯಾಗುವುದಿಲ್ಲ. ರಸೀದಿಯಿಲ್ಲದ ಸೈಕಲ್ಲು ಕಾನೂನಿನ ಕಣ್ಣಿಗೆ ಆ ವ್ಯಾನಿನಲ್ಲಿ ಇರಲೇ ಇಲ್ಲ ಎಂಬಂತೆಯೇ ಸರಿ.

ರಸೀದಿ ದೊರೆತ ಮಾತ್ರಕ್ಕೆ ಸೈಕಲ್ಲಿನ ಪೂರ್ಣ ಬೆಲೆಗೆ ರಕ್ಷಣೆ ಸಿಕ್ಕಿತೆಂದು ಭಾವಿಸುವುದೂ ತಪ್ಪು. ಇದೇ ಬಹುಪಾಲು ಪ್ರಯಾಣಿಕರು ಅರಿಯದಿರುವ ಅಂಶ. ಅಧಿನಿಯಮದ 103ನೆಯ ಪ್ರಕರಣ ಮತ್ತು ಅದರಡಿ 1990ರಲ್ಲಿ ರಚಿತವಾದ ನಿಯಮಗಳ ಪ್ರಕಾರ, ಒಪ್ಪಿಸುವಾಗ ವಸ್ತುವಿನ ಮೌಲ್ಯವನ್ನು ಘೋಷಿಸದಿದ್ದಲ್ಲಿ ರೈಲ್ವೆಯ ಹೊಣೆಯು ತೂಕದ ಲೆಕ್ಕಕ್ಕೆ ಸೀಮಿತವಾಗುತ್ತದೆ: ಲಗೇಜಿಗೆ ಕಿಲೋಗ್ರಾಮಿಗೆ ರೂ. 100, ಇತರ ಸರಕಿಗೆ ರೂ. 50. ಒಂದು ಸಾಧಾರಣ ಸೈಕಲ್ಲು 18 ಕಿಲೋಗ್ರಾಂ ತೂಗುವುದೆಂದು ಇಟ್ಟುಕೊಳ್ಳೋಣ. ಅದು ಲಗೇಜಾಗಿ ಹೋಗಿ ಕಳೆದರೆ ಗರಿಷ್ಠ ಪರಿಹಾರ ರೂ. 1,800, ಪಾರ್ಸೆಲ್ ಆಗಿ ಹೋಗಿ ಕಳೆದರೆ ರೂ. 900. ಹೊಸ ಸೈಕಲ್ಲಿನ ಬೆಲೆಗೆ ಇದನ್ನು ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಇನ್ನೂ ಒಂದು ವಿಪರ್ಯಾಸ ಇಲ್ಲಿದೆ. ದುಬಾರಿ ಸೈಕಲ್ಲುಗಳು ಹಗುರವಾಗಿರುತ್ತವೆ. ಹತ್ತು ಕಿಲೋಗ್ರಾಂ ತೂಕದ, ಬೆಲೆಯಲ್ಲಿ ಹತ್ತುಪಟ್ಟು ಹೆಚ್ಚಿನ ಸೈಕಲ್ಲಿಗೆ ತೂಕದ ಲೆಕ್ಕದಲ್ಲಿ ಸಿಗುವುದು ಹಳೆಯ ಭಾರದ ಸೈಕಲ್ಲಿಗಿಂತಲೂ ಕಡಿಮೆ.

ಇದಕ್ಕೆ ಪರಿಹಾರವನ್ನೂ ಅದೇ ಪ್ರಕರಣ ಒದಗಿಸಿದೆ. ಒಪ್ಪಿಸುವ ಸಮಯದಲ್ಲೇ ಸೈಕಲ್ಲಿನ ನಿಜವಾದ ಮೌಲ್ಯವನ್ನು ಲಿಖಿತವಾಗಿ ಘೋಷಿಸಿ, ತೂಕದ ಮಿತಿಗಿಂತ ಹೆಚ್ಚಿರುವ ಮೊತ್ತದ ಮೇಲೆ ನಿಗದಿತ ಶೇಕಡಾವಾರು ಶುಲ್ಕವನ್ನು ಪಾವತಿ ಮಾಡಿದರೆ ಘೋಷಿತ ಮೌಲ್ಯದವರೆಗೆ ರೈಲ್ವೆಯ ಹೊಣೆ ವಿಸ್ತರಿಸುತ್ತದೆ. ಈ ಸೌಲಭ್ಯವನ್ನು ಕೌಂಟರಿನಲ್ಲಿ ಯಾರೂ ತಾವಾಗಿ ನೆನಪಿಸುವುದು ಅಪರೂಪ. ಪ್ರಯಾಣಿಕರೇ ಕೇಳಿ ಪಡೆಯಬೇಕು. ಹಾಲು, ಪತ್ರಿಕೆ, ತರಕಾರಿ ಹಂಚುವಂತಹ ಕೆಲಸಕ್ಕೆ ಸೈಕಲ್ಲನ್ನೇ ನಂಬಿದ ಸಂಸಾರಕ್ಕೆ ಅದು ಬರಿಯ ವಾಹನವಲ್ಲ, ದುಡಿಮೆಯ ಬಂಡವಾಳ. ಅಂಥವರೇ ಈ ಅಲ್ಪ ಶುಲ್ಕವನ್ನು ಉಳಿಸಲು ಹೋಗಿ ಹೆಚ್ಚಿನದನ್ನು ಕಳೆದುಕೊಳ್ಳುವುದು ವಿಷಾದಕರ.

ಕಟ್ಟುವ ಬಗೆ

ಸರಿಯಾಗಿ ಕಟ್ಟದ ಸೈಕಲ್ಲನ್ನು ಒಪ್ಪಿಸಿದಾಗ ಗುಮಾಸ್ತರು ಒಪ್ಪಿಗೆ ಪತ್ರದಲ್ಲಿ ಪ್ಯಾಕಿಂಗ್ ದೋಷಯುಕ್ತವಾಗಿದೆ ಎಂದು ಷರಾ ಬರೆಯಬಹುದು. ಈ ಒಂದು ಸಾಲಿಗೆ ಕಾನೂನಿನ ಬಲವಿದೆ. 98ನೆಯ ಪ್ರಕರಣದಂತೆ ಅಂತಹ ಷರಾ ಇದ್ದಲ್ಲಿ, ಹಾನಿಯು ರೈಲ್ವೆಯ ನಿರ್ಲಕ್ಷ್ಯದಿಂದಲೇ ಆಯಿತೆಂದು ಸಾಬೀತುಪಡಿಸುವ ಹೊರೆ ಕಳುಹಿಸಿದವರ ಮೇಲೆ ಬೀಳುತ್ತದೆ. ಸಹಿ ಹಾಕುವ ಮೊದಲು ಪತ್ರವನ್ನು ಓದಿ ನೋಡುವುದು ಒಳಿತು.

ಹ್ಯಾಂಡಲಿನ ತಿರುಪು ಸಡಿಲಿಸಿ ಅದನ್ನು ಚೌಕಟ್ಟಿಗೆ ಸಮಾನಾಂತರವಾಗಿ ತಿರುಗಿಸಿದರೆ ಸೈಕಲ್ಲಿನ ಅಗಲ ಅರ್ಧದಷ್ಟಾಗುತ್ತದೆ. ಪೆಡಲುಗಳನ್ನೂ ಕಳಚಿದರೆ ಗೋಡೆಗೆ ಒರಗಿಸಿಡಲು ಸುಲಭ. ಎಡಗಡೆಯ ಪೆಡಲಿನ ತಿರುಪು ಉಲ್ಟಾ ಇರುವುದೆಂಬುದನ್ನು ಮರೆತು ಬಲ ಪ್ರಯೋಗಿಸಿ ಕೆಡಿಸಿದವರು ಕಡಿಮೆಯಿಲ್ಲ. ಚೌಕಟ್ಟಿಗೆ ಗೋಣಿತಾಟನ್ನೋ ಹಳೆಯ ರಟ್ಟನ್ನೋ ಸುತ್ತಬೇಕು. ಗಿಯರಿರುವ ಸೈಕಲ್ಲುಗಳಲ್ಲಿ ಹಿಂಚಕ್ರದ ಬಳಿ ಹೊರಚಾಚಿರುವ ಗಿಯರು ಬದಲಿಸುವ ಸಾಧನವೇ ಮೊದಲು ಪೆಟ್ಟು ತಿನ್ನುವ ಭಾಗವಾದ್ದರಿಂದ ಅದಕ್ಕೆ ದಪ್ಪನೆಯ ರಟ್ಟಿನ ಕವಚ ಬೇಕು. ದೀಪ, ಪಂಪು, ನೀರಿನ ಶೀಸೆ ಮುಂತಾದ ಬಿಡಿಭಾಗಗಳನ್ನು ತೆಗೆದು ಕೈಚೀಲಕ್ಕೆ ಸೇರಿಸಬೇಕು. ಚಕ್ರಗಳಿಗೆ ಬೀಗ ಹಾಕುವುದು ಸುರಕ್ಷಿತವೆಂಬ ಭಾವನೆ ಸಹಜ; ಆದರೆ ಉರುಳದ ಸೈಕಲ್ಲನ್ನು ಎತ್ತಿ ಹಾಕುತ್ತಾರೆ, ಉರುಳುವ ಸೈಕಲ್ಲನ್ನು ತಳ್ಳಿಕೊಂಡು ಹೋಗುತ್ತಾರೆ. ಎತ್ತಿ ಹಾಕಿಸಿಕೊಳ್ಳುವುದಕ್ಕಿಂತ ತಳ್ಳಿಸಿಕೊಳ್ಳುವುದು ಸೈಕಲ್ಲಿಗೆ ಕ್ಷೇಮ. ಮೋಟಾರು ಸೈಕಲ್ಲಿನಂತೆ ಪೆಟ್ರೋಲು ಬರಿದು ಮಾಡುವ ತಾಪತ್ರಯ ಇಲ್ಲಿಲ್ಲ.

ಹೆಸರು, ವಿಳಾಸ, ತಲುಪಬೇಕಾದ ನಿಲ್ದಾಣಗಳನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ದಪ್ಪಕ್ಷರಗಳಲ್ಲಿ ಬರೆದು ಎರಡು ಕಡೆ ಕಟ್ಟಬೇಕು. ಕನ್ನಡದಲ್ಲಿ ಮಾತ್ರ ಬರೆದ ಚೀಟಿಯನ್ನು ಅರಕ್ಕೋಣಂನಲ್ಲಿ ಸರಕು ಇಳಿಸುವವರು ಓದಲಾರರು. ಹಿಂದಿನ ಪ್ರಯಾಣದ ಚೀಟಿಗಳಿದ್ದರೆ ಕಿತ್ತು ತೆಗೆಯಬೇಕು. ಹಳೆಯ ಚೀಟಿ ಸೈಕಲ್ಲನ್ನು ಹಳೆಯ ಊರಿಗೇ ಮರಳಿಸಬಲ್ಲದು. ಸೀಟಿನ ಕೊಳವೆಯೊಳಗೆ ಸುರುಳಿ ಸುತ್ತಿದ ಇನ್ನೊಂದು ಚೀಟಿಯನ್ನಿಡುವ ಅಭ್ಯಾಸವೂ ಮೆಚ್ಚತಕ್ಕದ್ದು.

ಎಲ್ಲಿ ಇಳಿಸಬೇಕು?

ಕೋಲಾರ ಜಿಲ್ಲೆಯ ಕಾರ್ಮಿಕನೊಬ್ಬ ಅಂಬತ್ತೂರಿನ ಕೆಲಸ ಬಿಟ್ಟು ಸೈಕಲ್ಲಿನೊಂದಿಗೆ ಊರಿಗೆ ಹೊರಟಿದ್ದಾನೆನ್ನೋಣ. ಅವನಿಗೆ ಬಂಗಾರಪೇಟೆ ಹತ್ತಿರ. ಆದರೆ ಎಕ್ಸ್‌ಪ್ರೆಸ್ ಗಾಡಿಗಳು ಅಲ್ಲಿ ನಿಲ್ಲುವುದು ಒಂದೆರಡು ನಿಮಿಷ. ಅಷ್ಟರಲ್ಲಿ ವ್ಯಾನಿನ ಬಾಗಿಲು ತೆಗೆದು, ಮೂಟೆಗಳ ಹಿಂದಿರುವ ಸೈಕಲ್ಲನ್ನು ಹೊರತೆಗೆಯುವುದು ದುಸ್ಸಾಧ್ಯ; ಅದು ಬೆಂಗಳೂರಿಗೇ ಮುಂದುವರಿಯಬಹುದು. ಅಲ್ಪ ನಿಲುಗಡೆಯ ನಿಲ್ದಾಣಗಳಿಗೆ ಬುಕಿಂಗ್ ನಿರ್ಬಂಧಗಳೂ ಇರುವುದುಂಟು. ಗಾಡಿ ಹೊರಡುವ ನಿಲ್ದಾಣದಿಂದ ಅದು ಕೊನೆಗೊಳ್ಳುವ ನಿಲ್ದಾಣಕ್ಕೆ ಬುಕ್ ಮಾಡುವುದೇ ಎಲ್ಲಕ್ಕಿಂತ ನಿಶ್ಚಿಂತ. ಬೃಂದಾವನ, ಲಾಲ್‌ಬಾಗ್ ಎಕ್ಸ್‌ಪ್ರೆಸ್‌ಗಳು ಬೆಂಗಳೂರಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲೂ ಕಾವೇರಿ ಎಕ್ಸ್‌ಪ್ರೆಸ್ ಮೈಸೂರಿನಲ್ಲೂ ಯಾನ ಮುಗಿಸುವುದರಿಂದ ಅಲ್ಲಿ ಸಾವಕಾಶವಾಗಿ ಇಳಿಸುತ್ತಾರೆ. ಕಾಸರಗೋಡಿನ ಕನ್ನಡಿಗರಿಗೂ ಇದೇ ಮಾತು ಅನ್ವಯಿಸುತ್ತದೆ: ಚೆನ್ನೈನಿಂದ ಮಂಗಳೂರಿಗೆ ಹೋಗುವ ಮೈಲು ಮತ್ತು ವೆಸ್ಟ್ ಕೋಸ್ಟ್ ಎಕ್ಸ್‌ಪ್ರೆಸ್‌ಗಳು ಕಾಸರಗೋಡಿನಲ್ಲಿ ನಿಲ್ಲುವುದು ಕ್ಷಣಕಾಲ, ಆದುದರಿಂದ ಮಂಗಳೂರು ಸೆಂಟ್ರಲ್‌ವರೆಗೆ ಟಿಕೆಟ್ಟು ಮತ್ತು ಲಗೇಜು ಎರಡನ್ನೂ ಪಡೆದು, ಸುಮಾರು 50 ಕಿ.ಮೀ. ಹಿಂದಿರುಗುವುದು ಸುತ್ತುದಾರಿಯಾದರೂ ಖಾತ್ರಿಯ ದಾರಿ.

2022ರ ನವೆಂಬರಿನಲ್ಲಿ ಆರಂಭಗೊಂಡ ಚೆನ್ನೈ–ಮೈಸೂರು ವಂದೇ ಭಾರತ್‌ನಂತಹ ಗಾಡಿಗಳಲ್ಲಿ ಸಾಂಪ್ರದಾಯಿಕ ಬ್ರೇಕ್ ವ್ಯಾನ್ ಇಲ್ಲವಾದ್ದರಿಂದ ಸೈಕಲ್ಲಿನೊಂದಿಗೆ ಹೊರಟವರು ಅವನ್ನು ಆರಿಸಿಕೊಳ್ಳುವಂತಿಲ್ಲ. ಮಡಚುವ ಸೈಕಲ್ಲಿನ ಸ್ಥಿತಿ ಅಷ್ಟು ಸ್ಪಷ್ಟವಲ್ಲ. ಬೋಗಿಯೊಳಗೆ ಒಯ್ಯಬಹುದಾದ ಪೆಟ್ಟಿಗೆಯ ಗರಿಷ್ಠ ಅಳತೆ 100 x 60 x 25 ಸೆಂ.ಮೀ.; ಹವಾನಿಯಂತ್ರಿತ ಮೂರು ಹಂತದ ದರ್ಜೆ ಮತ್ತು ಚೇರ್ ಕಾರಿನಲ್ಲಿ 55 x 45 x 22.5 ಸೆಂ.ಮೀ. ಮಡಚಿದ ಸೈಕಲ್ಲು ಬಹುವೇಳೆ ದಪ್ಪದಲ್ಲಿ ಈ ಮಿತಿಯನ್ನು ಮೀರುತ್ತದೆ. ಟಿಕೆಟ್ ಪರೀಕ್ಷಕರು ಆಕ್ಷೇಪಿಸಿದಲ್ಲಿ ವಾದಿಸಲು ಆಧಾರವಿರುವುದಿಲ್ಲ. ಜಪಾನಿನಲ್ಲಿ ಚಕ್ರ ಕಳಚಿ ಚೀಲದಲ್ಲಿ ಪೂರ್ತಿಯಾಗಿ ಮುಚ್ಚಿದ ಸೈಕಲ್ಲನ್ನು ಪ್ರಯಾಣಿಕರು ತಮ್ಮೊಂದಿಗೇ ಒಯ್ಯಬಹುದು. ಅದರ ಅಳತೆ, ತೂಕಗಳ ಮಿತಿಯನ್ನು ರೈಲ್ವೆಗಳು ಬರೆದಿಟ್ಟಿವೆ. ಐರೋಪ್ಯ ಒಕ್ಕೂಟವು 2021ರ ತನ್ನ ರೈಲು ಪ್ರಯಾಣಿಕರ ಹಕ್ಕುಗಳ ನಿಯಮದಲ್ಲಿ ಹೊಸ ಗಾಡಿಗಳು ಸೈಕಲ್ಲುಗಳಿಗೆ ಸ್ಥಳ ಒದಗಿಸುವ ವಿಧಿಯನ್ನು ಸೇರಿಸಿದೆ. ನಮ್ಮಲ್ಲೂ ಸೈಕಲ್ಲಿನ ಚೀಲಕ್ಕೆ ಒಂದು ಖಚಿತ ಅಳತೆ ನಿಗದಿಯಾದರೆ ಪ್ರಯಾಣಿಕರಿಗೂ ಪರೀಕ್ಷಕರಿಗೂ ಅನುಕೂಲವಾದೀತು.

ಪಡೆಯುವಾಗ

ಗಾಡಿ ತಲುಪಿದೊಡನೆ ಪಾರ್ಸೆಲ್ ಕಛೇರಿಗೆ ಹೋಗಿ ರಸೀದಿ ಕೊಟ್ಟು ಸೈಕಲ್ಲನ್ನು ಬಿಡಿಸಿಕೊಳ್ಳಬೇಕು. ನಿಗದಿತ ಉಚಿತ ಅವಧಿ ಮೀರಿದರೆ ವಾರ್ಫೇಜ್ ಎಂಬ ಸ್ಥಳಬಾಡಿಗೆ ಗಂಟೆಗಂಟೆಗೂ ಏರುತ್ತದೆ. ಕಟ್ಟು ಹರಿದಿದ್ದರೆ, ಚಕ್ರ ಸೊಟ್ಟಗಾಗಿದ್ದರೆ, ಯಾರೋ ಬಿಚ್ಚಿದ ಗುರುತಿದ್ದರೆ ಸಹಿ ಹಾಕಿ ಒಯ್ದುಬಿಡಬಾರದು. ಅಧಿನಿಯಮದ 81ನೆಯ ಪ್ರಕರಣದಂತೆ ಬಹಿರಂಗ ವಿತರಣೆಯನ್ನು ಕೇಳುವ ಹಕ್ಕು ಪಡೆಯುವವರಿಗಿದೆ. ಅಧಿಕಾರಿಯ ಸಮಕ್ಷಮದಲ್ಲಿ ಕಟ್ಟು ಬಿಚ್ಚಿಸಿ, ಹಾನಿಯನ್ನು ದಾಖಲಿಸಿಕೊಳ್ಳಬೇಕು. ಹೊರಗೆ ಹೋದ ಮೇಲೆ ನೆನಪಾದ ದೂರಿಗೆ ಸಾಕ್ಷಿಯಿರುವುದಿಲ್ಲ.

ಸೈಕಲ್ಲು ಬಾರದೇ ಹೋದಲ್ಲಿ ಅಥವಾ ಕೆಟ್ಟು ಬಂದಲ್ಲಿ, ಅದನ್ನು ಒಪ್ಪಿಸಿದ ದಿನದಿಂದ ಆರು ತಿಂಗಳೊಳಗೆ ರೈಲ್ವೆ ಆಡಳಿತಕ್ಕೆ ಲಿಖಿತ ಕ್ಲೇಮು ಸಲ್ಲಿಸಬೇಕೆಂದು 106ನೆಯ ಪ್ರಕರಣ ವಿಧಿಸುತ್ತದೆ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದದ್ದು ಕ್ಲೇಮು ಆಗುವುದಿಲ್ಲ. 1987ರ ಕಾಯ್ದೆಯಂತೆ ಸ್ಥಾಪಿತವಾದ ರೈಲ್ವೆ ಕ್ಲೇಮುಗಳ ನ್ಯಾಯಮಂಡಳಿಯ ಪೀಠಗಳು ಚೆನ್ನೈ ಮತ್ತು ಬೆಂಗಳೂರುಗಳೆರಡರಲ್ಲೂ ಇವೆ. ಆಡಳಿತದಿಂದ ನ್ಯಾಯ ದೊರೆಯದವರು ಮೂರು ವರ್ಷಗಳೊಳಗೆ ಅಲ್ಲಿಗೆ ಮೊರೆಹೋಗಬಹುದು. ಪ್ರಯಾಣದ ವೇಳೆಯ ವಿಚಾರಣೆಗೆ 139 ಎಂಬ ರೈಲ್ವೆ ಸಹಾಯವಾಣಿಯಿದೆ.

ಸೈಕಲ್ಲು ಸುಸ್ಥಿತಿಯಲ್ಲಿ ಕೈಸೇರಿದರೆ ಉಳಿಯುವ ಕೆಲಸ ಸ್ವಲ್ಪವೇ. ಹ್ಯಾಂಡಲನ್ನು ನೇರವಾಗಿಸಿ ತಿರುಪು ಬಿಗಿಯಬೇಕು, ಪೆಡಲು ಜೋಡಿಸಬೇಕು, ಬ್ರೇಕುಗಳು ಹಿಡಿಯುತ್ತವೆಯೇ ಎಂದು ನಿಲ್ದಾಣದ ಅಂಗಳದಲ್ಲೇ ನಾಲ್ಕು ಹೆಜ್ಜೆ ತಳ್ಳಿ ನೋಡಬೇಕು. ದಾರಿಯಲ್ಲಿ ಟೈರಿನ ಗಾಳಿ ಇಳಿದಿರುವುದು ಸಾಮಾನ್ಯ. ಕೈಚೀಲದಲ್ಲಿಟ್ಟ ಪಂಪು ಆಗ ಉಪಯೋಗಕ್ಕೆ ಬರುತ್ತದೆ.